ಪೋಸ್ಟ್‌ಗ್ರೆಸ್ ಡಂಪ್ ರಿಸ್ಟೋರ್ ಮಾಡಿದರೆ ‘ರೋಲ್ ಇಲ್ಲ’ ಅನ್ನುತ್ತಿದೆ

ಪ್ರಶ್ನೆ: ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಬ್ಯಾಕಪ್ ತೆಗೆಯುವ ಪಿಜಿ_ಡಂಪ್‌ನಲ್ಲಿ ಕಸ್ಟಮ್ ಫಾರ್ಮ್ಯಾಟ್‌ನಲ್ಲಿ ತೆಗೆದ 18 ಜಿಬಿ ಫೈಲ್ ಇದೆ. ಪಿಎಸ್‌ಕ್ಯೂಎಲ್‌ಗೆ (ಆಜ್ಞೆ ಓಡಿಸುವ ಟೂಲ್) ಕೊಟ್ಟರೆ ತಗೊಳ್ಳಲ್ಲ. ಪಿಜಿ_ರಿಸ್ಟೋರ್ ಓಡಿಸಿದರೆ ‘ರೋಲ್ ಇಲ್ಲ’ (ಅಂದರೆ ಡೇಟಾಬೇಸ್ ಯೂಸರ್ ಖಾತೆ ಇಲ್ಲ) ಅಂತ ಸಾಲುಸಾಲು ಎರರ್. ಹಾಗೇ ಇನ್ನೊಮ್ಮೆ ಓಡಿಸಬಹುದಾ?

ಉತ್ತರ 1: ಬೇಡ, ದಯವಿಟ್ಟು ಓಡಿಸಬೇಡಿ. ಪ್ರೈಮರಿ ಕೀ (ಒಂದೇ ಸಾಲು ಎರಡು ಸಲ ಬರದಂತೆ ತಡೆಯುವ ಗುರುತು) ಇಲ್ಲದ ಟೇಬಲ್‌ಗಳಲ್ಲಿ ಪ್ರತಿ ಸಾಲೂ ಎರಡೆರಡು ಸಲ ಕೂರುತ್ತದೆ. ಡೇಟಾಬೇಸ್ ಡ್ರಾಪ್ ಮಾಡಿ, ಟೆಂಪ್ಲೇಟ್0ದಿಂದ (ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಖಾಲಿ ಮಾದರಿ) ಹೊಸದಾಗಿ ಕ್ರಿಯೇಟ್ ಮಾಡಿ.

ರೋಲ್‌ಗಳು ಇಡೀ ಕ್ಲಸ್ಟರಿಗೆ (ಒಂದು ಸರ್ವರ್‌ನ ಎಲ್ಲ ಡೇಟಾಬೇಸ್‌ಗಳ ಗುಂಪು) ಸೇರಿದವು, ಒಂದು ಡೇಟಾಬೇಸಿಗಲ್ಲ. ಅದಕ್ಕೇ ಪಿಜಿ_ಡಂಪ್ ಅವನ್ನು ತರುವುದಿಲ್ಲ. ಹಳೇ ಸರ್ವರ್ ಇನ್ನೂ ಇದ್ದರೆ ಪಿಜಿ_ಡಂಪ್‌ಆಲ್ --ಗ್ಲೋಬಲ್ಸ್-ಓನ್ಲಿ ತೆಗೆದು, ಅದನ್ನು ಮೊದಲು ಪಿಎಸ್‌ಕ್ಯೂಎಲ್‌ನಲ್ಲಿ ಓಡಿಸಿ. ಸರ್ವರ್ ಇಲ್ಲವೇ? ಹಾಗಾದರೆ ಇದನ್ನು ಓಡಿಸಿ (ಇಲ್ಲಿ ‘ಮಾರಾಟ’ ಡೇಟಾಬೇಸ್ ಹೆಸರು, -ಜೆ 4 ಅಂದರೆ ನಾಲ್ಕು ಕೆಲಸ ಒಟ್ಟಿಗೆ):

ಪಿಜಿ_ರಿಸ್ಟೋರ್ -ಡಿ ಮಾರಾಟ -ಜೆ 4 --ನೋ-ಓನರ್ --ನೋ-ಪ್ರಿವಿಲೇಜಸ್ ಮಾರಾಟ.ಡಂಪ್ 2> ಎರರ್.ಲಾಗ್

ಟೇಬಲ್‌ಗಳೆಲ್ಲ ರಿಸ್ಟೋರ್ ಮಾಡಿದ ಯೂಸರ್ ಹೆಸರಿಗೆ ಬರುತ್ತವೆ. ಆ್ಯಪ್‌ನ ಯೂಸರ್‌ಗೆ ಆಮೇಲೆ ಗ್ರಾಂಟ್ (ಬಳಸುವ ಅನುಮತಿ) ಕೊಡಲೇಬೇಕು.

ಉತ್ತರ 2: ಡಿಸ್ಕ್ ಜಾಗ ನೋಡಿಕೊಳ್ಳಿ. ಡಂಪ್‌ನಲ್ಲಿ ಡೇಟಾ ಕಂಪ್ರೆಸ್ ಆಗಿರುತ್ತದೆ, ಇಂಡೆಕ್ಸ್‌ಗಳದ್ದು (ಬೇಗ ಹುಡುಕಲು ಕಟ್ಟುವ ಸೂಚಿ) ಬರೀ ಆಜ್ಞೆ. ರಿಸ್ಟೋರ್ ಆದಮೇಲೆ 18 ಜಿಬಿ ಹಲವು ಪಟ್ಟು ಬೆಳೆಯಬಹುದು. ಮೇಂಟೆನೆನ್ಸ್_ವರ್ಕ್_ಮೆಮ್ (ಇಂಡೆಕ್ಸ್ ಕಟ್ಟುವಂಥ ಕೆಲಸಕ್ಕೆ ಕೊಡುವ ಮೆಮೊರಿ) ಅನ್ನು 1 ಜಿಬಿಗೆ ಏರಿಸಿದರೆ ಇಂಡೆಕ್ಸ್ ಬೇಗ ಕಟ್ಟುತ್ತದೆ, ಆದರೆ -ಜೆ 4 ಅಂದರೆ ಅಷ್ಟು ರ‍್ಯಾಮ್ ನಾಲ್ಕು ಕಡೆ ಬೇಕಾಗಬಹುದು.

ಪಿಜಿ_ರಿಸ್ಟೋರ್ ಎರರ್ ಬಂದರೂ ಮುಂದೆ ಹೋಗುತ್ತಲೇ ಇರುತ್ತದೆ, ಹಾಗಾಗಿ ಲಾಗ್ ಓದದೆ ಮುಗಿಯಿತು ಅನ್ನಬೇಡಿ. ಮೊದಲ ಎರರ್‌ಗೇ ನಿಲ್ಲಬೇಕಾದರೆ --ಎಕ್ಸಿಟ್-ಆನ್-ಎರರ್ ಹಾಕಿ. --ಸಿಂಗಲ್-ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು) ಮಾತ್ರ -ಜೆ ಜೊತೆ ನಡೆಯಲ್ಲ.

ಉತ್ತರ 3: ಕೊನೆಗೆ ಅನಲೈಜ್ (ಟೇಬಲ್‌ಗಳ ಅಂಕಿಅಂಶ ಸೇರಿಸುವ ಆಜ್ಞೆ) ಓಡಿಸಿ. ಅಂಕಿಅಂಶ ಇಲ್ಲದಿದ್ದರೆ ಪ್ಲಾನರ್ (ಕ್ವೆರಿ ಹೇಗೆ ಓಡಿಸಬೇಕೆಂದು ನಿರ್ಧರಿಸುವ ಭಾಗ) ತಪ್ಪು ದಾರಿ ಹಿಡಿದು, ಚೆನ್ನಾಗಿದ್ದ ಕ್ವೆರಿಯೂ ತೆವಳುತ್ತದೆ.