ಬಗ್ ಸರಿಮಾಡಿ ಡಿಎಲ್‌ಎಲ್ ಬದಲಿಸಿದರೆ ಅಪ್ಲಿಕೇಶನ್ ಏಳ್ತಿಲ್ಲ. ವರ್ಷನ್ ಎಲ್ಲಿ ಏರಿಸಬೇಕು?

ಡಿಎಲ್‌ಎಲ್_ದಾಸ:
ಇನ್‌ವಾಯ್ಸ್ ಪ್ರಿಂಟ್ ಮಾಡುವ ಲೈಬ್ರರಿ (ಬೇರೆ ಅಪ್ಲಿಕೇಶನ್‌ಗಳು ಬಳಸುವ ಸಿದ್ಧ ಕೋಡ್, ಡಿಎಲ್‌ಎಲ್ ಫೈಲ್ ಆಗಿ ಕೊಡ್ತೇವೆ) ನಮ್ಮದು. ಬಳಸುವ ಅಪ್ಲಿಕೇಶನ್‌ಗಳೆಲ್ಲ ಇನ್ನೂ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಫ್ರೇಮ್‌ವರ್ಕ್ 4.8ರಲ್ಲಿವೆ. ಸ್ಟ್ರಾಂಗ್ ನೇಮ್ (ಕೀ ಬಳಸಿ ಡಿಎಲ್‌ಎಲ್‌ಗೆ ಕೊಡುವ ವಿಶಿಷ್ಟ ಗುರುತು) ಕೂಡ ಹಾಕಿದ್ದೇವೆ. ಸಣ್ಣ ಬಗ್ ಸರಿಮಾಡಿ, 2.1.3.0 ಇದ್ದ ಮೂರೂ ವರ್ಷನ್‌ಗಳನ್ನು (ಅಸೆಂಬ್ಲಿ, ಫೈಲ್, ಇನ್ಫರ್ಮೇಶನಲ್) 2.1.4.0 ಮಾಡಿ, ಡಿಎಲ್‌ಎಲ್ ಒಂದನ್ನೇ ಕಳಿಸಿದೆವು. ಶುರುವಾಗುತ್ತಲೇ ಫೈಲ್‌ಲೋಡ್‌ಎಕ್ಸೆಪ್ಶನ್ ಅನ್ನೋ ಎರರ್, ಕೋಡ್ 80131040. ಬರೀ ಒಂದು ಸೊನ್ನೆ ಚೆಕ್ ಸೇರಿಸಿದ್ದು ಮಾರಾಯ್ರೇ!

ಹಳೇಬಿಲ್ಡ್:
ನಿಮ್ಮ ಕೋಡ್ ಸರಿಯಾಗೇ ಇದೆ, ಬದಲಾಗಿರೋದು ಡಿಎಲ್‌ಎಲ್‌ನ ಗುರುತು. ಸ್ಟ್ರಾಂಗ್ ನೇಮ್ ಇದ್ದರೆ ಫ್ರೇಮ್‌ವರ್ಕ್ ಆ ಡಿಎಲ್‌ಎಲ್‌ನ ಹೆಸರು, ಅಸೆಂಬ್ಲಿ ವರ್ಷನ್, ಕಲ್ಚರ್ (ಭಾಷೆ), ಪಬ್ಲಿಕ್ ಕೀ ಟೋಕನ್ (ಕೀಯ ಚಿಕ್ಕ ಗುರುತು) ನಾಲ್ಕನ್ನೂ ಸೇರಿಸಿ ನೋಡುತ್ತದೆ. ಅಪ್ಲಿಕೇಶನ್ ಕಂಪೈಲ್ ಆದಾಗ 2.1.3.0 ಅಂತ ಬರೆದುಕೊಂಡಿದೆ. ಈಗ 2.1.4.0 ಕೊಟ್ಟರೆ ಒಪ್ಪಲ್ಲ.

ಅಸೆಂಬ್ಲಿ ವರ್ಷನ್ ಮುಟ್ಟಬೇಡಿ. ಚೆನ್ನಾಗಿ ಕಾಣಲಿ ಅಂತ 2.0.0.0ಗೆ ಇಳಿಸಲೂ ಬೇಡಿ, ಅದೂ ಇದೇ ಎರರ್ ಕೊಡುತ್ತದೆ. ಹೊರಗೆ ಹೋಗಿರೋದು 2.1.3.0 ತಾನೇ? ಹಳೇ ಮೆಥಡ್ ಯಾವುದಾದರೂ ಬದಲಿಸಿ ಬಳಸುವವರ ಕೋಡ್ ಒಡೆಯುವ ತನಕ ಅದೇ ಇರಲಿ, ಆಮೇಲೆ 3.0.0.0. ನ್ಯೂಟನ್‌ಸಾಫ್ಟ್ ಜೇಸನ್ ಲೈಬ್ರರಿ ನೋಡಿ. ಪ್ಯಾಕೇಜ್ 13.0.1, 13.0.2, 13.0.3 ಅಂತ ಬಂದರೂ ಒಳಗಿನ ಅಸೆಂಬ್ಲಿ ವರ್ಷನ್ 13.0.0.0.

ಫೈಲ್ ವರ್ಷನ್ ಮಾತ್ರ ಪ್ರತಿ ಬಿಲ್ಡ್‌ಗೂ ಏರಲೇಬೇಕು. ಅದು ಅಲ್ಲೇ ನಿಂತರೆ ಎಂಎಸ್‌ಐ ಇನ್‌ಸ್ಟಾಲರ್ ಹಳೇ ಡಿಎಲ್‌ಎಲ್ ಮೇಲೆ ಹೊಸದನ್ನು ಬರೆಯದೇ ಸುಮ್ನೆ ಮುಂದೆ ಹೋಗುತ್ತದೆ. ನೀವು ಇಲ್ಲದ ಬಗ್ ಹುಡುಕ್ತಾ ಕೂರ್ತೀರಿ. ಇನ್ಫರ್ಮೇಶನಲ್ ವರ್ಷನ್‌ನಲ್ಲಿ ಬೀಟಾ, ಕಮಿಟ್ ಹ್ಯಾಶ್, ಏನಾದರೂ ಬರೆಯಿರಿ. ಡಿಎಲ್‌ಎಲ್ ಎತ್ತಿಕೊಳ್ಳುವ ಲೋಡರ್ ಅದನ್ನು ನೋಡುವುದಿಲ್ಲ.

ಸೆಮಿಕೋಲನ್:
ಈಗಾಗಲೇ 2.1.4.0 ಹೋಗಿರುವ ಕಡೆ ಅಪ್ಲಿಕೇಶನ್‌ನ ಕಾನ್ಫಿಗ್ ಫೈಲ್‌ನಲ್ಲಿ ಬೈಂಡಿಂಗ್ ರಿಡೈರೆಕ್ಟ್ ಹಾಕಿ. 0.0.0.0ರಿಂದ 2.1.4.0 ತನಕ ಯಾವುದು ಕೇಳಿದರೂ 2.1.4.0 ಕೊಡು ಅಂತ. ಅಸೆಂಬ್ಲಿ ವರ್ಷನ್‌ಗೆ 2.1.* ಥರ ನಕ್ಷತ್ರ ಚಿಹ್ನೆ ಹಾಕುವ ಯೋಚನೆ ಮಾತ್ರ ಬೇಡ. ಮೂರನೇ ಅಂಕಿ 2000ದ ಜನವರಿ 1ರಿಂದ ಆದ ದಿನಗಳ ಲೆಕ್ಕ ಆಗುತ್ತದೆ, ದಿನಕ್ಕೊಂದು ಹೊಸ ಗುರುತು!

ಡಿಎಲ್‌ಎಲ್_ದಾಸ:
ಅಸೆಂಬ್ಲಿ ವರ್ಷನ್ ವಾಪಸ್ 2.1.3.0 ಮಾಡಿದೆ, ಎದ್ದು ಕೂತಿತು. ಇನ್ನೊಂದು ಮಾತು. ಸ್ಟ್ರಾಂಗ್ ನೇಮ್ ಹಾಕುವ ಎಸ್‌ಎನ್‌ಕೆ ಕೀ ಫೈಲ್ ರೆಪೊಸಿಟರಿಯಲ್ಲೇ (ಸೋರ್ಸ್ ಕೋಡ್ ಇಡುವ ಜಾಗ) ಇದೆ. ಯಾರೋ ನೋಡಿ ಗಾಬರಿಯಾಗಿ ಹೊಸ ಕೀ ಮಾಡೋಣ ಅಂತಿದ್ದಾರೆ.

ಹಳೇಬಿಲ್ಡ್:
ದಯವಿಟ್ಟು ಬೇಡ. ಟೋಕನ್ ಅಂದರೆ ಪಬ್ಲಿಕ್ ಕೀಯ ಎಸ್‌ಎಚ್‌ಎ-1 ಹ್ಯಾಶ್‌ನ ಕೊನೆಯ 8 ಬೈಟ್. ಕೀ ಬದಲಾದರೆ ಟೋಕನ್ ಬದಲು, ಆಗ ರಿಡೈರೆಕ್ಟ್ ಕೂಡ ಕೈಕೊಡುತ್ತದೆ. ಎಲ್ಲ ಅಪ್ಲಿಕೇಶನ್ ಮತ್ತೆ ಕಂಪೈಲ್ ಮಾಡಬೇಕು. ಸ್ಟ್ರಾಂಗ್ ನೇಮ್ ಇರೋದು ಗುರುತಿಗೆ, ಭದ್ರತೆಗಲ್ಲ. ಓಪನ್ ಸೋರ್ಸ್ ಲೈಬ್ರರಿಗಳು ಕೀಯನ್ನು ರೆಪೊಸಿಟರಿಯಲ್ಲೇ ಇಡಬಹುದು ಅಂತ ಮೈಕ್ರೋಸಾಫ್ಟ್ ತಾನೇ ಹೇಳುತ್ತದೆ.

‘ಇದು ನಮ್ಮದೇ’ ಅಂತ ತೋರಿಸಬೇಕಿದ್ದರೆ ಆಥೆಂಟಿಕೋಡ್ ಸಹಿ (ಸರ್ಟಿಫಿಕೇಟ್‌ನಿಂದ ಹಾಕುವ ಡಿಜಿಟಲ್ ಸಹಿ) ಬೇಕು. ಅದರ ಖಾಸಗಿ ಕೀ ರೆಪೊಸಿಟರಿ ಹತ್ತಿರವೂ ಸುಳಿಯಬಾರದು. ಸಹಿ ಹಾಕಿದ ಸಮಯ ದಾಖಲಿಸುವ ಟೈಮ್‌ಸ್ಟ್ಯಾಂಪ್ ಮರೆಯಬೇಡಿ, ಇಲ್ಲದಿದ್ದರೆ ಸರ್ಟಿಫಿಕೇಟ್ ಅವಧಿ ಮುಗಿದ ದಿನ ಸಹಿಯೂ ಮುಗೀತು. ಸ್ಟ್ರಾಂಗ್ ನೇಮ್ ಮೊದಲು, ಆಥೆಂಟಿಕೋಡ್ ಆಮೇಲೆ. ತಿರುಗಿಸಿ ಮಾಡಿದರೆ ಫೈಲ್ ಬದಲಾಗಿ ಸಹಿ ಕೆಡುತ್ತದೆ.