ಹುಬ್ಬಳ್ಳಿ-ಧಾರವಾಡಕ್ಕ ಪ್ಲ್ಯಾನ್ ಮಾಡವ್ರು ಯಾರ್ರೀ?

ಗೋಕುಲರೋಡ್_ಹುಡುಗ:
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮದು ಹುಬ್ಬಳ್ಯಾಗ ಸಣ್ಣದೊಂದು ಮಶೀನ್ ಶಾಪ್ ಐತಿ, ವಾಲ್ವ್ ಕಂಪನಿಗೋಳಿಗೆ ಜಾಬ್‌ವರ್ಕ್ ಮಾಡಿ ಕೊಡ್ತೀವಿ. ಸಿಎನ್‌ಸಿ (ಕಂಪ್ಯೂಟರ್ ಮ್ಯಾಲ ನಡಿಯೂ ಮಶೀನ್) ಚಲೋ ಕಲ್ತ ಹುಡುಗ್ರು ಸ್ವಲ್ಪ ದಿನಕ್ಕ ಪುಣೆ ಇಲ್ಲಾ ಬೆಂಗಳೂರು ಹಿಡೀತಾರ. ಪಗಾರ ಒಂದ ಕಾರಣ ಅಲ್ರೀ. ಈಗ ಬಿಟ್ಟು ಹೋದಾವ ಏನಂದಾ ಅಂದ್ರ, "ಅಣ್ಣಾ, ನೀರು ಬರೂ ದಿನ ನಮ್ಮ ಮನ್ಯಾಕಿ ಕೆಲಸಕ್ಕ ರಜಾ ಹಾಕಬೇಕು, ಇಲ್ಲಂದ್ರ ಡ್ರಮ್ಮು ತುಂಬಂಗಿಲ್ಲ, ವಾರಪೂರ್ತಿ ತ್ರಾಸು." ಬಾಡಗಿ ಮನಿ, ಸಂಪ್ ಇಲ್ಲ, ನೀರು ಎಷ್ಟು ಗಂಟೇಕ್ಕ ಬರ್ತೈತಿ ಅಂತ ವಾಲ್‌ಮನ್‌ಗ ಫೋನ್ ಹಚ್ಚಿ ಕೇಳೂದು, ಇಷ್ಟ ಜೀವನ.
ಏರ್‌ಪೋರ್ಟ್ ಬಂತು, ಐಐಟಿ ಬಂತು, 1507 ಮೀಟರ್ ರೈಲ್ವೆ ಪ್ಲಾಟ್‌ಫಾರ್ಮ್ ಬಂತು, ಇನ್ವೆಸ್ಟರ್ಸ್ ಮೀಟ್‌ನ್ಯಾಗ ಹಾರ ತುರಾಯಿ ಎಲ್ಲಾ ಆತು. ನನ್ನ ಪ್ರಶ್ನೆ ಇಷ್ಟರೀ: ಈ ಊರಾಗ ಮುಂದ ಯಾವ ಕೆಲಸ ಬೆಳೀಬೇಕು, ಆ ಕೆಲಸಕ್ಕ ಬರೂ ಮಂದಿಗೆ ನೀರು ಬಸ್ಸು ಮನಿ ಹೆಂಗ ಅಂತ ಒಂದ ಟೇಬಲ್‌ಗೆ ಕೂತು ವಿಚಾರ ಮಾಡವ್ರು ಯಾರು? ಪಾಲಿಕೇನೋ, ಹುಡಾನೋ (ನಗರಾಭಿವೃದ್ಧಿ ಪ್ರಾಧಿಕಾರ), ಸ್ಮಾರ್ಟ್ ಸಿಟಿಯವ್ರೋ?

ವಾರ್ಡ್_ಕಟ್ಟಿ:
ಖರೆ ಹೇಳ್ಬೇಕಂದ್ರ ಯಾರೂ ಅಲ್ಲ. ಸಂವಿಧಾನದ 74ನೇ ತಿದ್ದುಪಡಿ ಅಂತ 1993ರಾಗ ಜಾರಿಗೆ ಬಂತು, ಅದರಾಗ ನಗರಸಭೆ-ಪಾಲಿಕೆಗೋಳಿಗೆ ಕೊಡಬಹುದಾದ 18 ಕೆಲಸದ ಪಟ್ಟಿ ಐತಿ, ಮೊದಲನೇದ್ದ ನಗರ ಯೋಜನೆ. ಆದ್ರ ನಮ್ಮಲ್ಲಿ ಮಾಸ್ಟರ್ ಪ್ಲ್ಯಾನ್ ಮಾಡೂದು ಹುಡಾ, ಅದು 1961ರ ಟೌನ್ ಪ್ಲ್ಯಾನಿಂಗ್ ಕಾಯ್ದೆ ಪ್ರಕಾರ. ಆ ಪ್ಲ್ಯಾನ್ ಅಂದ್ರೂ ಬಣ್ಣದ ನಕಾಶಿ ನೋಡ್ರಿ, ಹಳದಿ ಮನಿಗೆ, ನೇರಳೆ ಕಾರ್ಖಾನಿಗೆ. ಯಾವ ಕಾರ್ಖಾನಿ, ಎಷ್ಟು ಮಂದಿ, ಅವ್ರು ಎಲ್ಲಿರ್ತಾರ ಅಂತ ನಕಾಶಿ ಹೇಳಂಗಿಲ್ಲ. ಇಂಡಸ್ಟ್ರಿಯಲ್ ಜಾಗ ಕೆಐಎಡಿಬಿ (ರಾಜ್ಯದ ಕೈಗಾರಿಕಾ ಪ್ರದೇಶ ಮಂಡಳಿ) ಕಡೆ, ಕರೆಂಟ್ ಹೆಸ್ಕಾಂ, ಬಸ್ಸು ವಾಯವ್ಯ ಸಾರಿಗೆ, ಹುಬ್ಬಳ್ಳಿ-ಧಾರವಾಡ ನಡುವ ಓಡೂ ಚಿಗರಿ ಬಸ್ಸಿನ ಪ್ರತ್ಯೇಕ ದಾರಿಗೆ ಬ್ಯಾರೇನ ಒಂದು ಕಂಪನಿ.
ಸ್ಮಾರ್ಟ್ ಸಿಟಿ ಕಥಿ ಇನ್ನೂ ಮಜಾ ಐತಿ. 2016ರಾಗ ನಮ್ಮ ಊರು ಆಯ್ಕೆ ಆತು, ಸ್ಕೀಮ್ ಪ್ರಕಾರ ಕೇಂದ್ರದ್ದು 500 ಕೋಟಿ, ರಾಜ್ಯದ್ದು ಅಷ್ಟ. ಹಳೇ ಕೌನ್ಸಿಲ್ 2019ಕ್ಕ ಮುಗೀತು, ಎಲೆಕ್ಷನ್ ಆಗಿದ್ದು 2021ರ ಸೆಪ್ಟೆಂಬರ್, ಮೇಯರ್ ಕುರ್ಚಿ ಮ್ಯಾಲ ಕೂತಿದ್ದು 2022ರ ಮೇ ತಿಂಗಳು. ಅಂದ್ರ ತೋಳನಕೆರಿ, ಮಾರ್ಕೆಟ್, ಉಣಕಲ್ ನಾಲಾ ಸೈಕಲ್ ದಾರಿ ಅಂತ ಕೆಲಸ ಜೋರ ನಡದ ಟೈಮ್‌ನ್ಯಾಗ ಕೇಳಾಕ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಈಗ ಮಿಷನ್ 2025ರ ಮಾರ್ಚ್‌ಗೆ ಮುಗೀತು, ಮೇಂಟೆನೆನ್ಸ್ ಖರ್ಚು ಪಾಲಿಕೆ ಕೊರಳಿಗೆ. ಮೇಯರ್‌ಗೆ ಅಧಿಕಾರ ಒಂದು ವರ್ಷ, ಫೈಲ್ ಯಾವ ಕಪಾಟಿನ್ಯಾಗ ಅದಾವ ಅಂತ ಗೊತ್ತಾಗೂದ್ರಾಗ ಮಾಜಿ ಆಗಿರ್ತಾರ.

ಸಪ್ತಾಪುರ_ಪೇಢಾ:
ನಮ್ಮ ಧಾರವಾಡದ್ದೂ ಸ್ವಲ್ಪ ಕೇಳ್ರಿ. ಚಿಗರಿ 2018ರಿಂದ ಓಡ್ಲಿಕತ್ತದ, 22 ಕಿಲೋಮೀಟರ್, ಎಸಿ ಬಸ್ಸು, ನಾ ದಿನಾ ಅದರಾಗ ಹೋಗ್ತೀನಿ, ಬೈಯಂಗಿಲ್ಲ. ಆದ್ರ ಆ ದಾರ್ಯಾಗ ಇರೂದು ಕಾಲೇಜು, ಕಿಮ್ಸ್, ಕೋಚಿಂಗ್ ಕ್ಲಾಸು. ರಾಯಾಪುರ ಬಿಟ್ರ ಕಾರ್ಖಾನಿ ಎಲ್ಲಾ ತಾರಿಹಾಳ, ಗೋಕುಲ ರೋಡು, ಈ ಕಡೆ ಬೇಲೂರು. ಶಿಫ್ಟಿಗೆ ಹೋಗೂ ಹುಡುಗಗ ಚಿಗರಿ ಉಪಯೋಗ ಇಲ್ಲ, ಆವಾ ಬೈಕ್ ಇಎಂಐ ಕಟ್ಲಿಕ್ಕೇ ದುಡೀತಾನ. ಮ್ಯಾಲಿಂದ ಮಳಿ ಬಂದ್ರ ಟೋಲ್ ನಾಕಾ ಕೆರಿ ಆಗ್ತದ, ರಸ್ತಾ ಮಾಡುವಾಗ ನೀರು ಎಲ್ಲಿ ಹೋಗ್ಬೇಕು ಅಂತ ವಿಚಾರ ಮಾಡಿಲ್ಲ.
ಅದಕ್ಕೇ ನಾವು ಬ್ಯಾರೆ ಪಾಲಿಕೆ ಕೇಳಿದ್ದು, 2025ರ ಜನವರಿಯಾಗ ಕ್ಯಾಬಿನೆಟ್ ಒಪ್ಪಿಗಿನೂ ಕೊಟ್ತು. ಟ್ಯಾಕ್ಸ್ ನಾವ್ ಕಟ್ಟೂದು, ಕೆಲಸ ಹುಬ್ಬಳ್ಯಾಗ ಆಗೂದು ಅನ್ನೂ ಸಿಟ್ಟು ಹಳೇದು.

ವಾರ್ಡ್_ಕಟ್ಟಿ:
@ಸಪ್ತಾಪುರ ಸಿಟ್ಟು ಒಪ್ಪಿದೆ ಮಾರಾಯ, ಆದ್ರ ಕುಡಿಯೂ ನೀರು ಇಬ್ಬರಿಗೂ ಮಲಪ್ರಭಾದಿಂದನ, ಚಿಗರಿ ಒಂದ, ಹುಡಾ ಒಂದ. ಎರಡು ಪಾಲಿಕೆ ಆದ ಮ್ಯಾಲ ಆ ಟೇಬಲ್‌ಗೆ ಇನ್ನೊಂದು ಕುರ್ಚಿ ಹೆಚ್ಚಾತು ಅಷ್ಟ.

ಒಂಟಿಕೊಪ್ಪಲ್:
ಮೈಸೂರಿನಿಂದ ಬರೀತಿದೀನಿ. ನಮ್ಮೂರು ಕ್ಲೀನು ಅಂತ 2015, 2016 ಎರಡೂ ಸಲ ದೇಶಕ್ಕೇ ಫಸ್ಟ್ ಬಂತು, 1903ರಲ್ಲೇ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿದ ಊರು, ಅಗಲ ರಸ್ತೆ, ಪಾರ್ಕು ಎಲ್ಲಾ ಇದೆ. ಆದ್ರೆ ನಮ್ಮ ಮಕ್ಕಳೂ ಬೆಳಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೇ ಹೋಗೋದು ಸಾರ್. ಬದುಕೋಕೆ ಚೆನ್ನಾಗಿದ್ರೆ ಕೆಲಸ ತಾನಾಗೇ ಬರುತ್ತೆ ಅಂತ ಏನಿಲ್ಲ. ರಿಂಗ್ ರೋಡ್ ಆಚೆ ಹೋಗಿ ನೋಡಿ, ಲೇಔಟ್ ಮೇಲೆ ಲೇಔಟು, ಎಷ್ಟೋ ಕಡೆ ಯುಜಿಡಿ (ಒಳಚರಂಡಿ) ಇಲ್ಲ, ಕಾವೇರಿ ನೀರಿಲ್ಲ, ಟ್ಯಾಂಕರೇ ಗತಿ. ಸೈಟ್ ಮಾರೋದನ್ನೇ ಪ್ಲ್ಯಾನಿಂಗ್ ಅಂದ್ಕೊಂಡ್ರೆ ಹೀಗೇ ಆಗೋದು.

ಕೇಶ್ವಾಪುರ_ಲೆಕ್ಕ:
ಎಲ್ಲಾರೂ ಪಾಲಿಕೆಗೆ ಪವರ್ ಇಲ್ಲ ಪವರ್ ಇಲ್ಲ ಅಂತೀರಿ, ಇದ್ದ ಪವರ್‌ನ್ಯಾಗ ಏನ್ ಮಾಡ್ಯಾರ? ಆಸ್ತಿ ತೆರಿಗಿ ಪಾಲಿಕೇದ್ದ. ಎರಡನೇ ಮಾಳಿಗಿ ಏರಿಸಿ ಬಾಡಗಿ ಕೊಟ್ಟವ್ರು ಹಳೇ ಅಳತೀನ ತುಂಬಿ ಕಟ್ತಾರ, ಸ್ವಯಂ ಘೋಷಣಾ ಅಲ್ಲೇನ್ರೀ, ಅಳ್ಯಾಕ ಯಾರ್ ಬರ್ತಾರ. ನಮ್ಮ ಓಣ್ಯಾಗ ಅಂಥಾ ಮನಿ ಸಾಲಾಗ ಅದಾವ, ಅವ್ರ ಮತ್ತ ಗಟಾರ ತುಂಬೇತಿ ಅಂತ ಸೋಶಿಯಲ್ ಮೀಡಿಯಾದಾಗ ಫೋಟೋ ಹಾಕವ್ರು.
ನೀರಿನ ಬಗ್ಗೆ ಒಂದು ಮಾತು. 2008ರಾಗ ನಮ್ಮ ಊರಿನ ಕೆಲವು ವಾರ್ಡ್‌ಗೆ 24 ತಾಸು ನೀರಿನ ಡೆಮೊ ಝೋನ್ ಮಾಡಿದ್ರು, ಬೆಳಗಾವಿ, ಕಲಬುರ್ಗ್ಯಾಗೂ ಮಾಡಿದ್ರು. ಮೀಟರ್ ಹಚ್ಚಿ, ಹಳೇ ಪೈಪ್ ತಗದು ಹೊಸಾ ಹಾಕಿ. ಅಲ್ಲಿ ಡ್ರಮ್ಮು ಇಟ್ಕೊಳ್ಳೂ ಜರೂರಿಲ್ಲ. ಮಾಡಾಕ ಬರ್ತೈತಿ ಅಂತ ಗೊತ್ತಾಗಿ ಇಷ್ಟು ವರ್ಷ ಆತು, ಉಳಿದ ಊರಿಗೆ ಇನ್ನೂ ಪೈಪ್ ಹಾಕಾಕತ್ತಾರ. ಗೋಕುಲ್‌ರೋಡ್ ಅಣ್ಣಾರ ಹುಡುಗ ಡೆಮೊ ಝೋನ್‌ನ್ಯಾಗ ಮನಿ ಹಿಡದಿದ್ರ ಪುಣೆಗೆ ಹೋಗ್ತಿದ್ನೋ ಇಲ್ಲೋ ಯಾರಿಗ್ ಗೊತ್ತು.

ಗೋಕುಲರೋಡ್_ಹುಡುಗ:
ಅಲ್ಲಿ ಬಾಡಗಿ ಜಾಸ್ತಿ ರೀ, ಅದಕ್ಕ ಹಿಡೀಲಿಲ್ಲ.
ಅಂದ್ರ ನನಗ ತಿಳದಿದ್ದು, ಒಂದು ದೊಡ್ಡ ಪ್ಲ್ಯಾನ್ ಬ್ಯಾಡ, ಕಾರ್ಖಾನಿ ಇದ್ದ ಕಡೆ ಮೊದಲು ನೀರಿನ ಪೈಪು, ಶಿಫ್ಟ್ ಟೈಮಿಗೆ ಬಸ್ಸು, ಇವೆರಡು ಮಾಡಿದ್ರ ಸಾಕು. ನಮ್ಮ ಇಂಡಸ್ಟ್ರಿಯಲ್ ಎಸ್ಟೇಟಿನ ಯುನಿಟ್‌ನವ್ರೆಲ್ಲಾ ಸೇರಿ ಯಾರ್ಯಾರ ಕಡೆ ಎಷ್ಟು ಮಂದಿ, ಎಲ್ಲಿಂದ ಬರ್ತಾರ ಅಂತ ಒಂದು ಪಟ್ಟಿ ಮಾಡೂಣು ಅಂತ ಮಾಡೇವಿ. ಪಟ್ಟಿ ತಗೊಂಡು ಮೊದಲು ಯಾರ ಕಡೆ ಹೋಗ್ಲಿ, ಪಾಲಿಕೆ ಕಮಿಷನರ್ ಕಡೆನೋ ಸಾರಿಗೆ ಡಿಸಿ (ವಿಭಾಗೀಯ ನಿಯಂತ್ರಣಾಧಿಕಾರಿ) ಕಡೆನೋ?

ವಾರ್ಡ್_ಕಟ್ಟಿ:
ಬಸ್ಸಿಂದು ಸಾರಿಗೆ ಡಿಸಿ ಕಡೆ. ಶಿಫ್ಟ್ ಟೈಮ್ ಮತ್ತ ತಲಿ ಲೆಕ್ಕ ಬರದು ಕೊಡ್ರಿ, ಬರೇ "ಬಸ್ ಬಿಡ್ರಿ" ಅಂದ್ರ ಇಟ್ಕೊಂಡು ಕೂಡ್ತಾರ. ನೀರಿಂದು ಕಮಿಷನರ್ ಕಡೆ, ಒಂದು ಕಾಪಿ ನಿಮ್ಮ ಕಾರ್ಪೊರೇಟರ್‌ಗೂ, ಮತ್ತ ಸ್ವೀಕೃತಿ ಸಿಕ್ಕಾ ಹಾಕಿಸ್ಕೊಳ್ಳೂದ್ ಮರೀಬ್ಯಾಡ್ರಿ.