ಒಂದಿದ್ದರೆ ಸ್ಟ್ರಿಂಗ್, ಎರಡಿದ್ದರೆ ಅರೇ: ಇದನ್ನು ಸ್ಪೆಕ್‌ನಲ್ಲಿ ಹೇಗೆ ಬರೆಯುವುದು?

ರಾತ್ರಿಪಾಳಿ: ಬೇರೆಯವರ ಹಳೇ ಎಪಿಐ ಒಂದಕ್ಕೆ ಓಪನ್‌ಎಪಿಐ 3.0 ಸ್ಪೆಕ್ (ಎಪಿಐ ಏನು ಪಡೆಯುತ್ತದೆ, ಏನು ಕಳಿಸುತ್ತದೆ ಎಂದು ಹೇಳುವ ಫೈಲ್) ಬರೆಯುತ್ತಿದ್ದೇನೆ. ಕ್ಲೈಂಟ್ ಕೋಡ್ ಪೂರ್ತಿ, ಸ್ಪೆಕ್ ಓದಿ ಕೋಡ್ ಬರೆಯುವ ಜನರೇಟರ್‌ನಿಂದಲೇ ಬರಬೇಕು. ಆದರೆ ಟ್ಯಾಗ್ಸ್ ಫೀಲ್ಡ್‌ನಲ್ಲಿ ಒಂದೇ ಟ್ಯಾಗ್ ಇದ್ದರೆ ಬರೀ ಸ್ಟ್ರಿಂಗ್ (ಪಠ್ಯ) ಬರುತ್ತದೆ, ಜಾಸ್ತಿ ಇದ್ದರೆ ಅರೇ (ಪಟ್ಟಿ). ಸೆಟ್ಟಿಂಗ್ಸ್ ಖಾಲಿಯಿದ್ದರೆ ಖಾಲಿ ಆಬ್ಜೆಕ್ಟ್ {} ಬದಲು ಖಾಲಿ ಅರೇ []. ಇದನ್ನು ಡಿಸ್ಕ್ರಿಪ್ಷನ್‌ನಲ್ಲಿ ಬರೆದರೆ ಸಾಕಾ?

ಹಳೇಬಗ್: ಸಾಲದು. ಜನರೇಟರ್ ಡಿಸ್ಕ್ರಿಪ್ಷನ್ ಅನ್ನು ಕಾಮೆಂಟ್ ಮಾಡಿ ಅಂಟಿಸುತ್ತದೆ ಅಷ್ಟೇ. ಟೈಪ್ ಹುಟ್ಟುವುದು ಡೇಟಾದ ಆಕಾರ ಹೇಳುವ ಸ್ಕೀಮಾದಿಂದ. ಒನ್‌ಆಫ್ (ಇವುಗಳಲ್ಲಿ ಒಂದು ಮಾತ್ರ) ಹಾಕಿ: ಸ್ಟ್ರಿಂಗ್, ಇಲ್ಲವೇ ಸ್ಟ್ರಿಂಗ್‌ಗಳ ಅರೇ. ಆ ಖಾಲಿ [] ನೋಡಿದರೆ ಸರ್ವರ್ ಪಿಎಚ್‌ಪಿ ಇರಬೇಕು. ಅಲ್ಲಿ ಪಟ್ಟಿಗೂ ಕೀ-ವ್ಯಾಲ್ಯೂ ಜೋಡಿಗೂ ಒಂದೇ ಅರೇ. ಖಾಲಿಯಾದಾಗ ಯಾವುದೆಂದು ತಿಳಿಯುವ ದಾರಿ ಇಲ್ಲ, [] ಎಂದೇ ಬರೆಯುತ್ತದೆ.

ಸೆಮಿಕೋಲನ್: ನಾನು ಒಪ್ಪುವುದಿಲ್ಲ. ಸ್ಪೆಕ್ ಅಂದರೆ ಕರಾರು. ಬಗ್ಗನ್ನೂ ಕರಾರಿಗೆ ಸೇರಿಸಿದರೆ ಅದನ್ನು ಯಾರೂ ಸರಿಮಾಡುವುದಿಲ್ಲ. ಅದೂ ಅಲ್ಲದೆ, ಒನ್‌ಆಫ್‌ನಿಂದ ಹುಟ್ಟುವ ಕೋಡ್ ನೋಡಿದ್ದೀರಾ? ಗೋ ಭಾಷೆಯಲ್ಲಿ ಅದಕ್ಕೆ ನೇರವಾದ ಟೈಪೇ ಇಲ್ಲ. ಸ್ಟ್ರಕ್ಟ್ ಒಳಗೆ ಸುತ್ತಿದ್ದನ್ನು ಪ್ರತಿ ಸಲ ಬಿಚ್ಚಬೇಕು.

ಹಳೇಬಗ್: ಸರ್ವರ್ ನಮ್ಮದಾಗಿದ್ದರೆ ನಿಮ್ಮ ಮಾತು ಸರಿ. ಇದು ಬೇರೆಯವರದ್ದು ಅಲ್ವಾ? ಸ್ಪೆಕ್‌ನಲ್ಲಿ ಸುಳ್ಳು ಬರೆದರೆ ಟೈಪ್ ಚೆಂದ ಬರುತ್ತದೆ, ಕಂಪೈಲ್ ಕೂಡ ಆಗುತ್ತದೆ. ಪಾರ್ಸ್ ಎರರ್ ಬರುವುದು ಬಳಕೆದಾರನ ಕೈಯಲ್ಲಿ.

ಪುಟ್ಟಪಾರ್ಸರ್: ಟೈಪ್ ಅರೇ ಎಂದೇ ಇಟ್ಟು, 'ಎಕ್ಸ್-' ಎಂದು ಶುರುವಾಗುವ ಎಕ್ಸ್‌ಟೆನ್ಷನ್ ಫೀಲ್ಡ್‌ನಲ್ಲಿ ಗುರುತು ಹಾಕಿ. ಜನರೇಟರ್ ಕೋಡ್ ಬರೆಯಲು ಬಳಸುವ ಟೆಂಪ್ಲೇಟ್ ಅದನ್ನು ನೋಡಿ ಒಂಟಿ ಸ್ಟ್ರಿಂಗನ್ನು ಅರೇ ಮಾಡಿಕೊಡಲಿ.

ಹಳೇಬಗ್: ಆ ಗುರುತು ಗೊತ್ತಿಲ್ಲದ ಜನರೇಟರ್ ಸುಮ್ನೆ ದಾಟಿಕೊಂಡು ಹೋಗುತ್ತದೆ. ಉತ್ತರ ಸ್ಪೆಕ್‌ಗೆ ಹೊಂದುತ್ತದೆಯೇ ಎಂದು ನೋಡುವ ವ್ಯಾಲಿಡೇಟರ್ ಅಂತೂ ಒಂಟಿ ಸ್ಟ್ರಿಂಗ್ ಕಂಡ ಕೂಡಲೇ ಕಿರುಚುತ್ತದೆ.

ಪುಟ್ಟಪಾರ್ಸರ್: ಹಾಗಾದರೆ ಎರಡು ಫೈಲ್ ಮಾಡಿ. ಮೂಲ ಸ್ಪೆಕ್‌ನಲ್ಲಿ ಒನ್‌ಆಫ್, ಸರ್ವರ್ ಕಳಿಸುವುದು ಇದ್ದ ಹಾಗೇ. ಒನ್‌ಆಫ್ ತೆಗೆದು ಅರೇ ಮತ್ತು ಗುರುತು ಹಾಕುವ ತಿದ್ದುಪಡಿ, ಮೂಲವನ್ನು ಮುಟ್ಟದೆ ಅದರ ಮೇಲೆ ಹಾಕುವ ಓವರ್‌ಲೇ ಫೈಲ್‌ನಲ್ಲಿ, ನಮ್ಮ ಜನರೇಟರ್‌ಗೆ ಮಾತ್ರ. ಓಪನ್‌ಎಪಿಐನವರೇ 2024ರಲ್ಲಿ ಓವರ್‌ಲೇ 1.0 ತಂದಿದ್ದಾರೆ.

ಸೆಮಿಕೋಲನ್: ಇದಾದರೆ ನಡೆಯುತ್ತದೆ. ಗುರುತಿನ ಪಕ್ಕ ಕಾರಣವನ್ನೂ ಬರೆದಿಡಿ. ಇಲ್ಲದಿದ್ದರೆ ಮುಂದೆ ಬರುವವರು ಕಸ ಅಂತ ಅಳಿಸಿಬಿಡುತ್ತಾರೆ.

ರಾತ್ರಿಪಾಳಿ: ಇನ್ನೊಂದು ಕಾಟ ಇದೆ. ಎರರ್ ಕೂಡ 200 (ಎಲ್ಲಾ ಸರಿ ಎಂಬ) ಸ್ಟೇಟಸ್‌ನಲ್ಲೇ ಬರುತ್ತದೆ.

ಹಳೇಬಗ್: ಅಲ್ಲಿ ಒನ್‌ಆಫೇ ಗತಿ. ಆದರೆ ಸರಿಯಾದ ಉತ್ತರದ್ದು, ಎರರ್‌ನದ್ದು, ಎರಡೂ ಸ್ಕೀಮಾದಲ್ಲಿ ಬೇರೆ ಬೇರೆ ರಿಕ್ವೈರ್ಡ್ (ಕಡ್ಡಾಯ) ಫೀಲ್ಡ್ ಇರಲಿ. ಒನ್‌ಆಫ್ ಅಂದರೆ ಒಂದಕ್ಕೆ ಮಾತ್ರ ಹೊಂದಬೇಕು. ಎಲ್ಲಾ ಐಚ್ಛಿಕ ಅಂತ ಬಿಟ್ಟರೆ ಒಂದೇ ಉತ್ತರ ಎರಡಕ್ಕೂ ಹೊಂದಿ ಫೇಲ್ ಆಗುತ್ತದೆ.

ರಾತ್ರಿಪಾಳಿ: ಸರಿಯಾದ ಉತ್ತರದಲ್ಲಿ ಐಡಿ ಇದ್ದೇ ಇರುತ್ತದೆ, ಎರರ್‌ನಲ್ಲಿ ಕೋಡ್. ಅವೆರಡನ್ನೂ ರಿಕ್ವೈರ್ಡ್ ಮಾಡಿ, ಹಳೇ ಲಾಗ್‌ನ ಉತ್ತರಗಳ ಮೇಲೆ ವ್ಯಾಲಿಡೇಟರ್ ಓಡಿಸುತ್ತೇನೆ.